ಎಲೆ ಮಡಚಿ ನೋಡಿದ ಮೇಷ್ಟ್ರು: ಬಿ.ಜಿ.ಎಲ್. ಸ್ವಾಮಿ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ಮನೆಯಲ್ಲಿ ಮಾತಾಡೋ ಭಾಷೆ, ಸ್ಕೂಲಿನಲ್ಲಿ ಸೆಕೆಂಡ್ ಲ್ಯಾಂಗ್ವೇಜ್, ಅಷ್ಟೇ. ಬಯಾಲಜಿಯನ್ನು ಹತ್ತನೇ ಕ್ಲಾಸಿಗೇ ಬಿಟ್ಟವಳು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡೆ, ಸಿಇಟಿ ರ್‍ಯಾಂಕ್ ಯಾವ ಬ್ರಾಂಚ್ ಕೊಟ್ಟಿತೋ ಆ ಬ್ರಾಂಚಿಗೆ ಸೇರಿಕೊಂಡೆ. ಹಾಗಿರುವಾಗ ನಮ್ಮ ಸಂಘದ ಪತ್ರಿಕೆಗೆ ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರ್ ಬಗ್ಗೆ ಬರೆಯೋಕೆ ಕೂತಿದ್ದೀನಿ ಅಂದ್ರೆ ಅದಕ್ಕೆ ಕಾರಣ ಒಂದು ಸಾರು.

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಸಮಯದಲ್ಲಿ ತಾತನ ಮನೆಯಲ್ಲಿದ್ದೆ. ಊಟಕ್ಕೆ ಟೊಮೆಟೊ ಸಾರು, ಆಲೂಗೆಡ್ಡೆ ಪಲ್ಯ, ಕಡಲೆಕಾಯಿ ಚಟ್ನಿ. ನಮ್ಮ ಅಡುಗೆಯ ಮುಂದೆ ಯಾವ ಪಿಜ್ಜಾ ಬರ್ಗರ್ ಅಂತ ನಾನು ದೊಡ್ಡ ದೇಶಭಕ್ತಳ ಥರ ಹೇಳಿದೆ. ತಾತ ಏನೂ ಮಾತಾಡದೆ ಎದ್ದು ಹೋಗಿ ಬೀರುವಿನಿಂದ ಒಂದು ಹಳೇ ಪುಸ್ತಕ ತಂದು ತಟ್ಟೆ ಪಕ್ಕ ಇಟ್ಟರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಅಂತ ಹೆಸರು. ಬರೆದವರು ಬಿ.ಜಿ.ಎಲ್. ಸ್ವಾಮಿ. ಟೊಮೆಟೊ, ಆಲೂಗೆಡ್ಡೆ, ಕಡಲೆಕಾಯಿ, ಸಾರಿನ ಪುಡಿಗೆ ಹಾಕಿದ ಮೆಣಸಿನಕಾಯಿ, ಊಟ ಆದ ಮೇಲೆ ತಿನ್ನೋಣ ಅಂತ ಹೆಚ್ಚಿಟ್ಟಿದ್ದ ಪರಂಗಿ ಹಣ್ಣು, ಇವು ಯಾವುದೂ ಐನೂರೈವತ್ತು ವರ್ಷದ ಹಿಂದೆ ನಮ್ಮ ದೇಶದಲ್ಲೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ತಟ್ಟೆಯಲ್ಲಿ ಸ್ವದೇಶಿ ಅಂತ ಉಳಿದಿದ್ದು ಅನ್ನ, ಬೇಳೆ, ಹುಣಸೆಹಣ್ಣು ಅಂತ ಲೆಕ್ಕ ಹಾಕೋಕೆ ಹೋದೆ. ಹುಣಸೆ ಆಫ್ರಿಕಾ ಮೂಲದ್ದು ಅಂತ ಓದಿ ಅದನ್ನೂ ಕೈಬಿಟ್ಟೆ.

ಹೆಸರು ನೋಡಿ ಯಾವುದೋ ಮಠದ ಸ್ವಾಮಿಗಳು ಅಂದುಕೊಂಡಿದ್ದೆ. ಅಲ್ಲ. ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಆ ಗುಂಡಪ್ಪ ಅಂದ್ರೆ ಡಿ.ವಿ. ಗುಂಡಪ್ಪ, ಕಗ್ಗದ ಡಿವಿಜಿ. ಅಲ್ಲಿಗೆ ಕುತೂಹಲ ಶುರುವಾಯ್ತು. ಅಷ್ಟು ದೊಡ್ಡ ಸಾಹಿತಿಯ ಮಗ ಗಿಡ ಕುಯ್ದು ನೋಡೋ ಕೆಲಸಕ್ಕೆ ಯಾಕೆ ಹೋದರು?

ಸ್ವಾಮಿಯವರು ಹುಟ್ಟಿದ್ದು 1918ರ ಫೆಬ್ರವರಿ 5ರಂದು, ಬೆಂಗಳೂರಿನಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಅಪ್ಪ ಮತ್ತೆ ಮದುವೆಯಾಗಲಿಲ್ಲ. ಡಿವಿಜಿ ಮೆಟ್ರಿಕ್ ಪಾಸಾಗದಿದ್ದರೂ ಪತ್ರಿಕೆ ನಡೆಸಿ, ಬರೆದು, ಸಂಸ್ಕೃತ, ರಾಜಕೀಯ, ವೇದಾಂತ ಎಲ್ಲವನ್ನೂ ಸ್ವಂತವಾಗಿ ಓದಿಕೊಂಡವರು. ಮನೆ ತುಂಬ ಪುಸ್ತಕ, ಬಂದು ಹೋಗುವ ವಿದ್ವಾಂಸರು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಎರಡು ದಾರಿ ಸುಲಭ ಅಂತ ನನಗನ್ಸತ್ತೆ. ಅಪ್ಪನ ಹಾಗೇ ಆಗೋದು, ಇಲ್ಲ ಅಪ್ಪನ ದಾರಿಯಿಂದ ಪೂರ್ತಿ ಓಡಿಹೋಗೋದು. ಸ್ವಾಮಿಯವರು ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು, ಅಂದ್ರೆ ಓಡಿಹೋದರು ಅಂತಲೇ ಕಾಣುತ್ತೆ. ಆದರೆ ನಲವತ್ತು ವರ್ಷ ಆದ ಮೇಲೆ ತಿರುಗಿ ನೋಡಿದರೆ ಓಡಿಹೋಗಿರಲಿಲ್ಲ. ಅದು ಆಮೇಲೆ ಬರುತ್ತೆ.

ಅವರ ಮೊದಲ ಹುಚ್ಚು ಆರ್ಕಿಡ್. ಮಲೆನಾಡಿನವರು ಸೀತಾಳೆ ದಂಡೆ ಅಂತಾರಲ್ಲ, ಆ ಕುಟುಂಬ. ಹೂವು ಚೆನ್ನಾಗಿದೆ ಅಂತಲ್ಲ, ಹೂವಿನೊಳಗೆ ಭ್ರೂಣ ಹೇಗೆ ಬೆಳೆಯುತ್ತೆ ಅನ್ನೋದು ಅವರ ಪ್ರಶ್ನೆ. ಆರ್ಕಿಡ್ ಈ ವಿಷಯದಲ್ಲಿ ವಿಚಿತ್ರ. ಬೇರೆ ಬಹಳಷ್ಟು ಗಿಡಗಳಲ್ಲಿ ಹೂವು ಅರಳುವ ಹೊತ್ತಿಗೆ ಅಂಡಗಳು ರೆಡಿ ಇರುತ್ತವೆ. ಆರ್ಕಿಡ್‌ನಲ್ಲಿ ಪರಾಗ ಬಂದು ಬಿದ್ದ ಮೇಲೆಯೇ ಅಂಡಗಳು ಬೆಳೆಯೋಕೆ ಶುರು ಮಾಡೋದು. ಪರಾಗ ಬಿದ್ದ ದಿನಕ್ಕೂ ಫಲವಾಗುವ ದಿನಕ್ಕೂ ಮಧ್ಯೆ ವಾರಗಟ್ಟಲೆ, ಕೆಲವದರಲ್ಲಿ ತಿಂಗಳುಗಟ್ಟಲೆ ಅಂತರ. ಕೊನೆಗೆ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ. ಬೀಜ ಅಂದ್ರೆ ಧೂಳು. ಅದರೊಳಗೆ ಮೊಳಕೆಗೆ ಬೇಕಾದ ಆಹಾರವೂ ಇರಲ್ಲ, ಕೆಲವೇ ಜೀವಕೋಶಗಳ ಒಂದು ಉಂಡೆ ಮಾತ್ರ.

ಇದನ್ನು ನೋಡೋದು ಹೇಗೆ? ನಮ್ಮ ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಆನ್ ಮಾಡಿದರೆ ವೇವ್‌ಫಾರ್ಮ್ ಬರುತ್ತೆ, ಬರದಿದ್ದರೆ ಪಕ್ಕದ ಬೆಂಚಿನವರ ರೀಡಿಂಗ್ ಬರುತ್ತೆ (ಸುಳ್ಳು ಹೇಳಬೇಡಿ, ಎಲ್ಲರೂ ಮಾಡಿದ್ದೀವಿ). ಇಲ್ಲಿ ಹಾಗಲ್ಲ. ಪರಾಗ ಬಿದ್ದ ದಿನವನ್ನು ಗುರುತು ಹಾಕಿಕೊಂಡು, ಇಷ್ಟಿಷ್ಟು ದಿನಕ್ಕೆ ಒಂದೊಂದು ಕಾಯಿ ಕಿತ್ತು, ರಾಸಾಯನಿಕದಲ್ಲಿ ನೆನೆಹಾಕಬೇಕು. ಆಮೇಲೆ ಆಲ್ಕೋಹಾಲಿನಲ್ಲಿ ಹಂತಹಂತವಾಗಿ ನೀರು ತೆಗೆದು ಮೇಣದಲ್ಲಿ ಹುದುಗಿಸಬೇಕು. ಆ ಮೇಣದ ತುಂಡನ್ನು ಮೈಕ್ರೋಟೋಮ್ ಅನ್ನೋ ಯಂತ್ರದಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಹೆರೆಯಬೇಕು. ಒಂದು ಮಿಲಿಮೀಟರಿಗೆ ನೂರು ಚೂರು. ಪ್ರತಿಯೊಂದನ್ನೂ ವರಸೆ ತಪ್ಪದೆ ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ತಲೆಯೊಳಗೆ ಮತ್ತೆ ಮೂರು ಡೈಮೆನ್ಷನ್‌ಗೆ ಜೋಡಿಸಿ, ಕೈಯಲ್ಲೇ ಚಿತ್ರ ಬರೆಯಬೇಕು. ನಾವು ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸಿನಲ್ಲಿ ಒಂದು ಷಡ್ಭುಜ ಪ್ರಿಸಂ ಕತ್ತರಿಸಿ ಸೆಕ್ಷನ್ ವ್ಯೂ ಹಾಕೋಕೆ ಎಷ್ಟು ಅತ್ತಿದ್ದೀವಿ ನೆನಪಿದೆಯಾ? ಅಲ್ಲಿ ಕತ್ತರಿಸೋ ವಸ್ತು ಯಾವುದು ಅಂತಾದರೂ ಗೊತ್ತಿತ್ತು.

1942ರಲ್ಲಿ ಸಿಂಬಿಡಿಯಂ ಅನ್ನೋ ಆರ್ಕಿಡ್‌ನ ಭ್ರೂಣ ಹೇಗೆ ಬೆಳೆಯುತ್ತೆ ಅಂತ ಅವರ ಪ್ರಬಂಧ ಬಂತು. ಬಂದಿದ್ದು ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ. ಆಗ ಅವರಿಗೆ 24 ವರ್ಷ. ಅದೇ ವರ್ಷ ವ್ಯಾಂಡಾ ಜಾತಿಗಳ ಮೇಲೆ ಇನ್ನೊಂದು, ಮುಂದಿನ ವರ್ಷ ಯೂಲೋಫಿಯಾ ಮೇಲೆ ಮತ್ತೊಂದು. ನಾನು ಗಮನಿಸಿದ ವಿಷಯ ಒಂದೇ: ಲೇಖಕರ ಜಾಗದಲ್ಲಿ ಒಂದೇ ಹೆಸರಿದೆ. ಈಗ ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟಿನಲ್ಲೇ ಆರು ಹೆಸರು ಇರುತ್ತೆ, ಕೆಲಸ ಮಾಡಿದ್ದು ಇಬ್ಬರಾದರೂ. ಹೊರಗೆ ಎರಡನೇ ಮಹಾಯುದ್ಧ, ಕ್ವಿಟ್ ಇಂಡಿಯಾ. ಒಳಗೆ ಒಬ್ಬ ಹುಡುಗ ಧೂಳಿನಂಥ ಬೀಜವನ್ನು ಹೆರೆದು ಹೆರೆದು ನೋಡ್ತಿದ್ದಾನೆ. ಇದರಿಂದ ಏನಪ್ಪಾ ಉಪಯೋಗ ಅಂತ ಯಾರಾದರೂ ಕೇಳಿಯೇ ಇರುತ್ತಾರೆ. ನನ್ನನ್ನೇ ಕೇಳ್ತಾರೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಎಲೆಯ ಚಿತ್ರ ಬರೆದುಕೊಂಡು ಬಂದರೆ, ಪ್ಲೇಸ್‌ಮೆಂಟಿಗೆ ಇದು ಉಪಯೋಗಕ್ಕೆ ಬರುತ್ತಾ ಅಂತ.

1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಕೊಟ್ಟಿತು. ಬೆಂಗಳೂರಿನವರಿಗೆ ಮೈಸೂರು ಯಾಕೆ ಅನ್ನಬೇಡಿ, ಆಗ ಸೆಂಟ್ರಲ್ ಕಾಲೇಜೂ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ್ದೇ. ಅಲ್ಲಿಂದ ಅವರು ಹೋಗಿದ್ದು ಅಮೆರಿಕದ ಹಾರ್ವರ್ಡ್‌ಗೆ, ಇರ್ವಿಂಗ್ ಬೈಲಿ ಅನ್ನೋ ಪ್ರೊಫೆಸರ್ ಹತ್ತಿರ.

ಈಗ ಸ್ವಲ್ಪ ಸಸ್ಯಶಾಸ್ತ್ರ ಬೇಕು. ಹೆದರಬೇಡಿ, ಅವರೆಕಾಯಿ ಸಾಕು.

ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕೂತು ಅವರೆಕಾಯಿ ಬಿಡಿಸ್ತೀವಲ್ಲ, ಆಗ ಒಂದನ್ನು ನಿಧಾನವಾಗಿ ಬಿಚ್ಚಿ ನೋಡಿ. ಕಾಳುಗಳು ಸಿಪ್ಪೆಯ ಮಧ್ಯದಲ್ಲಿ ಎಲ್ಲೆಂದರಲ್ಲಿ ಅಂಟಿರಲ್ಲ. ಒಂದು ಹೊಲಿಗೆಯ ಉದ್ದಕ್ಕೆ ಸಾಲಾಗಿ ಕೂತಿರುತ್ತವೆ. ಹೂವಿನ ಭಾಗಗಳೆಲ್ಲ ಎಲೆಯೇ ಬದಲಾಗಿ ಆದದ್ದು ಅನ್ನೋ ವಿಚಾರವನ್ನು ಜರ್ಮನಿಯ ಕವಿ ಗಯಟೆ 1790ರಲ್ಲೇ ಮಂಡಿಸಿದ್ದ. ಹಾಗೆ ನೋಡಿದರೆ ಅವರೆಕಾಯಿ ಸಿಪ್ಪೆಯೂ ಒಂದು ಎಲೆ. ಎಲೆಯ ಎರಡು ಅಂಚು ಒಳಗೆ ಸುರುಳಿಕೊಂಡು ಒಂದಕ್ಕೊಂದು ಅಂಟಿವೆ, ಆ ಅಂಚಿನ ಮೇಲೆ ಕಾಳು ಹುಟ್ಟಿದೆ. ಪುಸ್ತಕಗಳಲ್ಲಿ ಇದ್ದ ಚಿತ್ರ ಇದೇ. ಎಷ್ಟು ಸರಳವಾಗಿದೆ ಅಂದ್ರೆ ಯಾರೂ ಅದನ್ನು ಮತ್ತೆ ಬಿಚ್ಚಿ ನೋಡುವ ಅಗತ್ಯವೇ ಕಾಣಲ್ಲ.

ಬೈಲಿಯವರ ಬಳಿ ಹಳೆಯ ಕಾಲದ ಲಕ್ಷಣಗಳನ್ನು ಉಳಿಸಿಕೊಂಡ ಗಿಡಗಳ ಮಾದರಿಗಳಿದ್ದವು. ಅದರಲ್ಲಿ ಡಿಜನೇರಿಯಾ ಅನ್ನೋ ಮರ ಫಿಜಿ ದ್ವೀಪದ್ದು. ಬೈಲಿ ಮತ್ತು ಸ್ಮಿತ್ ಅನ್ನೋವರು ಅದನ್ನು ಜಗತ್ತಿಗೆ ಪರಿಚಯಿಸಿದ್ದೇ 1942ರಲ್ಲಿ. ಸ್ವಾಮಿಯವರು ಅದನ್ನು ಹೆರೆದು ನೋಡಿದರು, 1949ರಲ್ಲಿ ಅದರ ಬಗ್ಗೆ ಬರೆದರು. ಅಲ್ಲಿ ಅಂಚುಗಳು ಒಳಗೆ ಸುರುಳಿಕೊಂಡಿರಲಿಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚಿ ನಡುನರದ ಮೇಲೆ ಮಡಚ್ತಾರಲ್ಲ, ಆ ಥರ ಮಡಚಿತ್ತು. ಅಂಚು ಪೂರ್ತಿ ಅಂಟಿಯೂ ಇರಲಿಲ್ಲ, ರೋಮಗಳು ಒಂದಕ್ಕೊಂದು ಹೆಣೆದುಕೊಂಡು ಮುಚ್ಚಿದ್ದವು, ಪರಾಗ ಬಂದು ಕೂರುವ ಜಾಗ ಆ ಅಂಚೇ. ಎಲ್ಲಕ್ಕಿಂತ ಮುಖ್ಯ, ಅಂಡಗಳು ಅಂಚಿನಲ್ಲಿ ಇರಲಿಲ್ಲ. ಅಂಚಿನಿಂದ ದೂರ, ಎಲೆಯ ಮೈಮೇಲೆ ಇದ್ದವು.

1951ರಲ್ಲಿ ಬೈಲಿ ಮತ್ತು ಸ್ವಾಮಿ ಇಬ್ಬರೂ ಸೇರಿ ಇದನ್ನು ಅಮೆರಿಕನ್ ಜರ್ನಲ್ ಆಫ್ ಬಾಟನಿಯಲ್ಲಿ ಪ್ರಕಟಿಸಿದರು. ಹೂವಿನ ಮೂಲದ ಬಗ್ಗೆ ಓದುವವರು ಇವತ್ತಿಗೂ ಆ ಪ್ರಬಂಧದ ಹೆಸರು ಹೇಳ್ತಾರೆ. ಅದರ ತಿರುಳು ಇಷ್ಟು: ಮೊದಲಿಗೆ ಇದ್ದದ್ದು ಮಡಚಿದ ಎಲೆ, ಅಂಚು ಅಂಟಿಕೊಂಡಿದ್ದು, ಕಾಳು ಹೊಲಿಗೆಗೆ ಸರಿದಿದ್ದು ಆಮೇಲೆ ಆದ ಬದಲಾವಣೆ. ಅಂದ್ರೆ ಪುಸ್ತಕದವರು ಕಥೆಯ ಕೊನೆಯ ಪುಟವನ್ನು ನೋಡಿ ಮೊದಲ ಪುಟ ಊಹಿಸಿದ್ದರು.

ಇದಕ್ಕೆ ಒಂದು ವರ್ಷ ಮೊದಲು, 1950ರಲ್ಲಿ, ಇನ್ನೊಂದು ಕೆಲಸ. ಮರದೊಳಗೆ ನೀರು ಮೇಲೆ ಹೋಗುವುದಕ್ಕೆ ಎರಡು ಥರ ವ್ಯವಸ್ಥೆ ಇದೆ. ಒಂದು, ತುದಿ ತೆರೆದ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ, ನಮ್ಮ ಪಿವಿಸಿ ಪೈಪ್ ಥರ. ಇನ್ನೊಂದು, ಎರಡೂ ತುದಿ ಮುಚ್ಚಿದ ಸಣ್ಣ ಸಣ್ಣ ಕೋಶಗಳು, ಪಕ್ಕದ ಗೋಡೆಯ ಜಾಲರಿಯಿಂದ ನೀರು ಒಂದರಿಂದ ಒಂದಕ್ಕೆ ಜಿನುಗಬೇಕು. ಪೈನ್ ಮರಗಳಲ್ಲಿ ಎರಡನೆಯದು, ಹೂ ಬಿಡುವ ಬಹುತೇಕ ಗಿಡಗಳಲ್ಲಿ ಮೊದಲನೆಯದು. ಸಾರ್ಕಾಂಡ್ರಾ ಅನ್ನೋ ಹೂ ಬಿಡುವ ಪೊದೆಯೊಳಗೆ ಈ ಪೈಪ್ ಇಲ್ಲವೇ ಇಲ್ಲ ಅಂತ ಸ್ವಾಮಿ ಮತ್ತು ಬೈಲಿ ತೋರಿಸಿದರು. ಹೂ ಮೊದಲು ಬಂತು, ಪೈಪ್ ಆಮೇಲೆ ಬಂತು ಅನ್ನೋ ವಾದಕ್ಕೆ ಅದು ಬಲವಾದ ಸಾಕ್ಷಿ ಆಯ್ತು. ಆ ಕುಲದ ಒಂದು ಗಿಡಕ್ಕೆ ಸ್ವಾಮಿಯವರು ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಐ ಅಂತ ಗುರುವಿನ ಹೆಸರೇ ಇಟ್ಟರು. ಆಸ್ಕರೀನಾ ಅನ್ನೋ ಇನ್ನೊಂದು ಕುಲದ ಗಿಡಕ್ಕೆ ಭಾರತದ ಭ್ರೂಣಶಾಸ್ತ್ರಜ್ಞ ಪಂಚಾನನ ಮಾಹೇಶ್ವರಿಯವರ ಹೆಸರು. ಸಾರ್ಕಾಂಡ್ರಾವನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಬರುತ್ತೆ.

ಹಾರ್ವರ್ಡಿನಿಂದ ವಾಪಸ್ ಬಂದರು. 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿದರು, ಆಮೇಲೆ ಅಲ್ಲೇ ಪ್ರಿನ್ಸಿಪಾಲ್ ಆದರು. ಎರಡು ದಶಕಕ್ಕೂ ಹೆಚ್ಚು ಕಾಲ ಮದರಾಸು. ಆ ಕಾಲದ ಆಡಳಿತದ ತಲೆನೋವು, ಪ್ರೊಫೆಸರ್‌ಗಳ ಜಗಳ, ಪರೀಕ್ಷೆಯ ಅವಾಂತರಗಳನ್ನೆಲ್ಲ ‘ಕಾಲೇಜು ರಂಗ’, ‘ಕಾಲೇಜು ತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಅನ್ನೋ ಪುಸ್ತಕಗಳಲ್ಲಿ ಬರೆದಿದ್ದಾರೆ. ಕಾಲೇಜು ಅನ್ನೋದು ಆಗಲೂ ಹೀಗೇ ಇತ್ತಾ ಅಂತ ನಗು ಬರುತ್ತೆ. ಇದರ ಬಗ್ಗೆ ಹೆಚ್ಚು ಹೇಳಲ್ಲ, ಓದಿಕೊಳ್ಳಿ.

ಹೇಳಲೇಬೇಕಾದ್ದು ‘ಹಸುರು ಹೊನ್ನು’ ಬಗ್ಗೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಪ್ರವಾಸಗಳೇ ಆ ಪುಸ್ತಕ. ನನಗೆ ಮುಗಿಸೋಕೆ ಎರಡು ತಿಂಗಳು ಬೇಕಾಯ್ತು, ಒಂದು ಪುಟಕ್ಕೆ ಮೂರು ಸಲ ಅಜ್ಜಿಯನ್ನು ಕೂಗಿ ಅರ್ಥ ಕೇಳಿದ್ದೀನಿ. ಅದು ಸಿಲೆಬಸ್ ಪುಸ್ತಕದ ಥರ ಇಲ್ಲ. ಒಂದು ಗಿಡ ಸಿಗುತ್ತೆ, ಅದರ ಎಲೆ, ಹೂವು, ಕುಟುಂಬ ಹೇಳ್ತಾರೆ. ಅಷ್ಟರಲ್ಲಿ ಹುಡುಗರು ಏನೋ ತರಲೆ ಮಾಡಿರ್ತಾರೆ. ಅಲ್ಲಿಂದ ಯಾವುದೋ ಹಳಗನ್ನಡ ಕಾವ್ಯದಲ್ಲಿ ಅದೇ ಗಿಡ ಎಲ್ಲಿ ಬಂದಿದೆ, ಕವಿ ಅದನ್ನು ನಿಜವಾಗಿ ನೋಡಿ ಬರೆದನೋ ಬೇರೆಯವರಿಂದ ಕಾಪಿ ಹೊಡೆದನೋ ಅನ್ನೋ ವಿಚಾರಣೆ. ಚಿತ್ರಗಳೂ ಅವರದೇ. ಮೈಕ್ರೋಸ್ಕೋಪಿನ ಮುಂದೆ ಪಳಗಿದ ಕೈ ಅಂತ ಗೆರೆ ನೋಡಿದರೆ ಗೊತ್ತಾಗುತ್ತೆ.

1976ರಲ್ಲಿ ಬಂದ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಿವಿಜಿಯವರಿಗೆ ಅದೇ ಪ್ರಶಸ್ತಿ 1967ರಲ್ಲಿ ಬಂದಿತ್ತು, ಭಗವದ್ಗೀತೆಯ ಮೇಲಿನ ಪುಸ್ತಕಕ್ಕೆ. ಅಪ್ಪನಿಗೆ ಗೀತೆ, ಮಗನಿಗೆ ಗಿಡ. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ. ಮಗನ ಪುಸ್ತಕಕ್ಕೆ ಪ್ರಶಸ್ತಿ ಬಂದಿದ್ದನ್ನು ಅವರು ನೋಡಲಿಲ್ಲ. ಇದನ್ನು ಓದಿದಾಗ ಯಾಕೋ ತುಂಬಾ ಹೊತ್ತು ಬೇಜಾರಾಗಿತ್ತು.

ಸುಮ್ಮನೆ ಹೊಗಳೋಕೆ ನನಗೆ ಇಷ್ಟ ಇಲ್ಲ, ಆದ್ದರಿಂದ ಇದನ್ನೂ ಹೇಳ್ತೀನಿ. ಮದರಾಸಿನಲ್ಲಿ ಇದ್ದಾಗ ಸ್ವಾಮಿಯವರು ತಮಿಳು ಸಾಹಿತ್ಯ, ತಮಿಳು ಶಾಸನಗಳ ಕಡೆ ತಿರುಗಿದರು. ಗಿಡದ ಹೆಸರು ಹುಡುಕಿಕೊಂಡು ಶಾಸನಕ್ಕೆ ಕೈಹಾಕುವವರು ಅವರು (‘ಶಾಸನಗಳಲ್ಲಿ ಗಿಡಮರಗಳು’ ಅಂತಲೇ ಅವರ ಒಂದು ಪುಸ್ತಕ ಇದೆ). ಅಲ್ಲಿ ನಿಲ್ಲಲಿಲ್ಲ. ತಮಿಳಿನ ಹಳೆಯ ಗ್ರಂಥಗಳಿಗೆ ಹೇಳುವ ಕಾಲಕ್ಕೆ ಆಧಾರ ಏನು ಅಂತ ಕೇಳತೊಡಗಿದರು. ತೊಲ್ಕಾಪ್ಪಿಯಂ ಅನ್ನೋ ತಮಿಳಿನ ಅತಿ ಹಳೆಯ ವ್ಯಾಕರಣದ ಕಾಲದ ಬಗ್ಗೆ, ಶೈವ ಸಂತರು ಶಾಸನಗಳಲ್ಲಿ ಎಲ್ಲಿ ಕಾಣ್ತಾರೆ ಅನ್ನೋದರ ಬಗ್ಗೆ, ಕಳಭ್ರರ ಆಳ್ವಿಕೆಯ ಬಗ್ಗೆ 1970ರ ದಶಕದಲ್ಲಿ ಪ್ರಬಂಧಗಳನ್ನು ಬರೆದು ಮದರಾಸಿನಲ್ಲೇ ಪ್ರಕಟಿಸಿದರು. ‘ತಮಿಳು ತಲೆಗಳ ನಡುವೆ’ ಕನ್ನಡದಲ್ಲಿ ಬಂತು. ತೊಲ್ಕಾಪ್ಪಿಯಂ ಅನ್ನು ಅವರು ತೀರಾ ಈಚಿನ ಕಾಲಕ್ಕೆ ತಂದಿಟ್ಟರು. ಬಹುಪಾಲು ವಿದ್ವಾಂಸರು ಅದನ್ನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ.

ನನ್ನ ತಮಿಳು ಫ್ರೆಂಡ್ ಒಬ್ಬಳಿಗೆ ಇದನ್ನು ಹೇಳಿದೆ, ಮುಖ ಸಿಂಡರಿಸಿದಳು. ನನಗೂ ಇಲ್ಲಿ ಅವರ ಬಗ್ಗೆಯೇ ಅನುಮಾನ ಬಂತು. ಪ್ರಶ್ನೆ ಸರಿಯಾದದ್ದೇ, ಇಷ್ಟು ಹಳೆಯದು ಅಂತೀರಲ್ಲ, ಸಾಕ್ಷಿ ತೋರಿಸಿ ಅನ್ನೋದು. ಆದರೆ ಹಳೆಯದಲ್ಲ ಅನ್ನೋಕೂ ಅಷ್ಟೇ ಸಾಕ್ಷಿ ಬೇಕು. ಒಂದು ಸಂಗತಿ ಶಾಸನದಲ್ಲಿ ಕಂಡಿಲ್ಲ ಅಂದ ಮಾತ್ರಕ್ಕೆ ಅದು ಆಗ ಇರಲೇ ಇಲ್ಲ ಅಂತ ಹೇಳೋಕಾಗಲ್ಲ. ಗಿಡದ ವಿಷಯದಲ್ಲಿ ಇನ್ನೊಂದು ಚೂರು ಹೆರೆದು ನೋಡಬಹುದು. ಸಾವಿರ ವರ್ಷದ ಹಿಂದೆ ಕಳೆದುಹೋದ ಓಲೆಗರಿಯನ್ನು ಹೆರೆಯೋಕಾಗಲ್ಲ. ತಾತನಿಗೆ ನನ್ನ ಈ ವಾದ ಒಪ್ಪಿಗೆಯಿಲ್ಲ. ಊರು ಬಿಟ್ಟು ಊರಿಗೆ ಹೋಗಿ, ಅಲ್ಲಿಯವರ ಹೆಮ್ಮೆಯ ಮೇಲೆಯೇ ಪ್ರಶ್ನೆ ಹಾಕಿದ್ದು ದೊಡ್ಡ ಧೈರ್ಯ ಅಂತ ಅವರ ಮಾತು. ಧೈರ್ಯ ಹೌದು. ಧೈರ್ಯ ಇದ್ದರೆ ಉತ್ತರ ಸರಿ ಇರಬೇಕು ಅಂತೇನಿಲ್ಲವಲ್ಲ.

ಆದರೆ ಅದೇ ಪ್ರಶ್ನೆಯನ್ನು ಅವರು ನಮ್ಮ ತಟ್ಟೆಗೂ ಹಾಕಿದ್ದಾರೆ, ಪಕ್ಷಪಾತ ಮಾಡಿಲ್ಲ. ಹೊಟ್ಟೆಯ ದಕ್ಷಿಣ ಅಮೆರಿಕದ ವಿಷಯಕ್ಕೆ ವಾಪಸ್ ಬರ್ತೀನಿ. ಆ ಪುಸ್ತಕ ಓದಿದ ಮೇಲೆ ದೇವರಾಜ ಮಾರ್ಕೆಟ್ಟಿನಲ್ಲಿ ನಡೆಯೋದೇ ಬೇರೆ ಅನುಭವ. ಹೆಸರುಗಳೇ ಗುಟ್ಟು ಬಿಟ್ಟುಕೊಡುತ್ತವೆ. ಪರಂಗಿ ಹಣ್ಣು, ಅಂದ್ರೆ ಫರಂಗಿಯವರ ಹಣ್ಣು. ಸೀಮೆಬದನೆ, ಅಂದ್ರೆ ಪರಸೀಮೆಯ ಬದನೆ. ಅನಾನಸ್ ಅನ್ನೋ ಪದ ಬ್ರೆಜಿಲ್ಲಿನ ಮೂಲನಿವಾಸಿಗಳ ಬಾಯಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ನಮ್ಮ ಬಾಯಿಗೆ ಬಂದಿದೆ. ಮೆಣಸಿನಕಾಯಿಗೆ ಸ್ವಂತ ಹೆಸರೂ ಇಲ್ಲ, ಮೊದಲೇ ಇದ್ದ ಮೆಣಸಿನ ಹೆಸರಿಗೆ ಕಾಯಿ ಸೇರಿಸಿದ್ದೀವಿ. 16ನೇ ಶತಮಾನದಿಂದ ಈಚೆಗೆ ಪೋರ್ಚುಗೀಸರ ಹಡಗುಗಳಲ್ಲಿ ಬಂದು, ಇವತ್ತು ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ನಮ್ಮ ಊಟವೇ ಇಲ್ಲ ಅನ್ನೋ ಸ್ಥಿತಿ. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ ಅಂದ್ರೆ ಬಸವನಗುಡಿಯ ಕಡಲೆಕಾಯಿ ಪರಿಷೆ ಎಷ್ಟು ಹಳೆಯದಿರಬಹುದು, ಲೆಕ್ಕ ನೀವೇ ಹಾಕಿ. ಪುಸ್ತಕದ ಹೆಸರಿನ ಮೇಲೂ ನನ್ನದೊಂದು ತಕರಾರು ಇದೆ: ಮುಸುಕಿನ ಜೋಳ ದಕ್ಷಿಣ ಅಮೆರಿಕದ್ದಲ್ಲ, ಮೆಕ್ಸಿಕೋದ್ದು. ನಮ್ಮ ಸಾರಿನ ಮೆಣಸಿನಕಾಯಿಯನ್ನು ಮೊದಲು ಬೆಳೆಸಿದವರೂ ಮೆಕ್ಸಿಕೋದವರೇ. ಇರ್ಲಿ, ‘ನಮ್ಮ ಹೊಟ್ಟೆಯಲ್ಲಿ ಮೆಕ್ಸಿಕೋ’ ಅಂದ್ರೆ ಅಷ್ಟು ಚೆನ್ನಾಗಿರಲ್ಲ.

ಮುಸುಕಿನ ಜೋಳ ಅಂದಾಗ ನಮ್ಮ ಪಕ್ಕದ ಸೋಮನಾಥಪುರದ ಕಥೆ ಹೇಳಬೇಕು. ಸ್ವಾಮಿಯವರು ತೀರಿಕೊಂಡು ಒಂಬತ್ತು ವರ್ಷ ಆದ ಮೇಲಿನ ಮಾತು. 1268ರ ಸುಮಾರಿನ ಹೊಯ್ಸಳರ ಆ ಕೇಶವ ದೇವಸ್ಥಾನದಲ್ಲಿ ಶಿಲ್ಪಗಳ ಕೈಯಲ್ಲಿ ಒಂದು ಉದ್ದನೆಯ ಕಾಯಿ ಇದೆ, ಮೈತುಂಬ ಸಾಲುಸಾಲು ಕಾಳು. ಅದು ಮುಸುಕಿನ ಜೋಳವೇ, ಅಂದ್ರೆ ಕೊಲಂಬಸ್‌ಗಿಂತ ಇನ್ನೂರು ವರ್ಷ ಮೊದಲೇ ಅದು ಇಲ್ಲಿಗೆ ಬಂದಿತ್ತು ಅಂತ ಅಮೆರಿಕದ ಜೊಹಾನೆಸೆನ್ ಮತ್ತು ಪಾರ್ಕರ್ 1989ರಲ್ಲಿ ಬರೆದರು. ನಮ್ಮ ದೇಶದ ಜೋಳದ ತಜ್ಞರಾದ ಪಾಯಕ್ ಮತ್ತು ಸಚನ್ ಅದನ್ನು ಒಪ್ಪದೆ, 1993ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಅದು ಜೋಳ ಅಲ್ಲ, ಮುತ್ತು ಪೋಣಿಸಿದ ಕಲ್ಪನೆಯ ಫಲ, ಮುಕ್ತಾಫಲ ಅಂತ. ನಾನು ಹೋದ ತಿಂಗಳು ಹೋಗಿ ನೋಡಿಬಂದೆ. ಕಣ್ಣಿಗೆ ಥೇಟ್ ಜೋಳದ ತೆನೆಯೇ. ಚಾಮುಂಡಿ ಬೆಟ್ಟದ ಮೇಲೆ ಸುಟ್ಟು ಉಪ್ಪು ಖಾರ ಹಚ್ಚಿ ಕೊಡ್ತಾರಲ್ಲ, ಅದೇ. ಆದರೆ ಕಣ್ಣಿಗೆ ಹಾಗೆ ಕಂಡಿತು ಅಂತ ಒಪ್ಪಿಕೊಳ್ಳೋಕೆ ಈಗ ಯಾಕೋ ಮನಸ್ಸು ಬರಲ್ಲ. ಮುಸುಕಿನ ಜೋಳ ನಿಜವಾಗಿ ಇಲ್ಲಿ ಬೆಳೀತಿದ್ದರೆ ಶಾಸನದಲ್ಲಿ, ಅಡುಗೆಯಲ್ಲಿ, ಸಾಹಿತ್ಯದಲ್ಲಿ ಎಲ್ಲಾದರೂ ಒಂದು ಹೆಸರು ಇರಬೇಕಲ್ಲ? ಕೇಳಿದ ತಕ್ಷಣ ನಕ್ಕುಬಿಟ್ಟೆ. ತಮಿಳಿನ ವಿಷಯದಲ್ಲಿ ಯಾವ ವಾದ ನಡೆಯಲ್ಲ ಅಂದಿದ್ದೆನೋ ಇಲ್ಲಿ ನಾನೇ ಅದನ್ನು ಹೂಡಿದ್ದೆ. ಎರಡು ಒಂದೇನಾ ಬೇರೇನಾ ಅಂತ ಇನ್ನೂ ಯೋಚಿಸ್ತಿದ್ದೀನಿ. ಒಂದು ಬೆಳೆ ಊರೆಲ್ಲ ಹರಡಿದರೆ ನೂರು ಕಡೆ ಗುರುತು ಬಿಡುತ್ತೆ, ಒಂದು ಪುಸ್ತಕ ಹಾಗೆ ಬಿಡಬೇಕಂತಿಲ್ಲ ಅಂತ ಸದ್ಯಕ್ಕೆ ನನ್ನ ಉತ್ತರ.

ಕೊನೆಯ ದಿನಗಳಲ್ಲಿ ಸ್ವಾಮಿಯವರು ಮೈಸೂರಿಗೆ ಬಂದರು, ಡಿ.ಎಸ್‌ಸಿ. ಕೊಟ್ಟ ವಿಶ್ವವಿದ್ಯಾನಿಲಯಕ್ಕೇ ಸಂದರ್ಶಕ ಪ್ರಾಧ್ಯಾಪಕರಾಗಿ. ‘ಮೈಸೂರು ಡೈರಿ’ ಅನ್ನೋ ಪುಸ್ತಕಕ್ಕೆ ಹೆಸರು ಕೊಟ್ಟಿದ್ದು ಈ ಊರೇ. 1980ರ ನವೆಂಬರ್ 2ರಂದು ಇಲ್ಲೇ ತೀರಿಕೊಂಡರು. ವಯಸ್ಸು 62. ನಾನು ದಿನಾ ಬಸ್ಸಿನಲ್ಲಿ ಮಾನಸಗಂಗೋತ್ರಿಯ ಗೇಟಿನ ಮುಂದೆ ಹಾದು ಹೋಗ್ತೀನಿ, ಈ ವರ್ಷದ ತನಕ ಇದು ಗೊತ್ತಿರಲಿಲ್ಲ.

ಈಗ ಸಾರ್ಕಾಂಡ್ರಾ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಅನ್ನೋ ಅಮೆರಿಕನ್ ಸಸ್ಯಶಾಸ್ತ್ರಜ್ಞರು ಆ ಗಿಡದ ಬೇರನ್ನು ಹೆರೆದು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಪೈಪ್ ಇತ್ತು. ಇಲ್ಲವೇ ಇಲ್ಲ ಅಂದಿದ್ದ ಗಿಡದಲ್ಲಿ ಪೈಪ್ ಸಿಕ್ಕಿತು. 1999ರ ಹೊತ್ತಿಗೆ ಡಿಎನ್‌ಎ ಹೋಲಿಸಿ ನೋಡಿದವರು, ಹೂ ಬಿಡುವ ಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದಿದ್ದು ನ್ಯೂ ಕ್ಯಾಲೆಡೋನಿಯಾ ದ್ವೀಪದ ಆಂಬೊರೆಲ್ಲಾ ಅನ್ನೋ ಪೊದೆ ಅಂದರು. ಅದರ ಅಂಡಾಶಯ ಮಡಚಿದ ಎಲೆಯ ಥರ ಇಲ್ಲ, ಕುಡಿಕೆಯ ಥರ ಇದೆ. ಹಾಗಾಗಿ ಮಡಚಿದ ಎಲೆಯೇ ಮೊದಲು ಅನ್ನೋ 1951ರ ಮಾತಿನ ಮೇಲೂ ಈಗ ದೊಡ್ಡ ಪ್ರಶ್ನೆ ಇದೆ. ಇದನ್ನು ಓದಿದ ರಾತ್ರಿ ನನಗೆ ನಿಜವಾಗಿ ಕಸಿವಿಸಿ ಆಯ್ತು. ಅಷ್ಟು ವರ್ಷ ಕಣ್ಣು ಸವೆಸಿದ್ದು ಎಲ್ಲಿಗೆ ಹೋಯ್ತು ಅಂತ. ಮಾರನೇ ದಿನ ಮತ್ತೆ ನೋಡಿದೆ. ಡಿಜನೇರಿಯಾದ ಎಲೆ ಮಡಚಿರೋದು ಹಾಗೇ ಇದೆ, ಅಂಡಗಳು ಅಂಚಿನಿಂದ ದೂರ ಇರೋದೂ ಹಾಗೇ ಇದೆ, ಅವರು ಬರೆದ ಚಿತ್ರವೂ ಹಾಗೇ ಇದೆ. ಅದರಿಂದ ಕಟ್ಟಿದ ಕಥೆ ಮಾತ್ರ ಅಲ್ಲಾಡ್ತಿದೆ. ಅಲ್ಲಾಡಿಸಿದವರೂ ಚೂರು ಹೆರೆದೇ ಅಲ್ಲಾಡಿಸಿದ್ದು.

ತಾತನ ಪುಸ್ತಕ ಈಗ ನನ್ನ ಹತ್ತಿರ ಇದೆ, ವಾಪಸ್ ಕೇಳಿಲ್ಲ. ಅದರ ಅಂಚಿನಲ್ಲಿ ಅಲ್ಲಲ್ಲಿ ತಾತ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಹೋದ ಭಾನುವಾರ ಅಜ್ಜಿ ಹಿಸುಕಿದ ಬೇಳೆ ಸಾರು ಮಾಡೋಕೆ ಎರಡು ಕೇಜಿ ಅವರೆಕಾಯಿ ತಂದಿದ್ದರು. ಬಿಡಿಸೋಕೆ ಕೂತೆ. ಅರ್ಧ ಗಂಟೆ ಆದ ಮೇಲೆ ಅಜ್ಜಿ ಬಂದು ನೋಡಿದರೆ ನನ್ನ ಬುಟ್ಟಿಯಲ್ಲಿ ಒಂದು ಹಿಡಿ ಕಾಳೂ ಇರಲಿಲ್ಲ, ಮೊರದ ತುಂಬ ಬ್ಲೇಡಿನಲ್ಲಿ ಅಡ್ಡಡ್ಡ ಕುಯ್ದ ಸಿಪ್ಪೆ. ಈ ಲೆಕ್ಕದಲ್ಲಿ ಇವತ್ತು ಸಾರು ಆದ ಹಾಗೇ ಅಂತ ಬೈದು ಬುಟ್ಟಿ ಎಳಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು, ಎಲ್ಲಿ, ಆ ಹೊಲಿಗೆ ತೋರಿಸು ಅಂದರು.